ಶೂ ಚಿತ್ರದ ಕೆಳಗಿನ ಆ ಸಂಖ್ಯೆ

ಮಡಿಕೇರಿಯ ಕೆಫೆಗಳ ಗೋಡೆಯ ಮೇಲೆ, ತೋಟದ ನಡುವಿನ ಹೋಂಸ್ಟೇಗಳ ಹಜಾರದಲ್ಲಿ, ಬೆಂಗಳೂರಿನಲ್ಲಿ ಓದುವ ಮಕ್ಕಳು ರಜೆಗೆ ಬಂದಾಗ ತಂಗುವ ಕೋಣೆಗಳಲ್ಲಿ ಈಚೆಗೆ ಒಂದು ಬಗೆಯ ಚಿತ್ರ ಕಾಣಿಸತೊಡಗಿದೆ. ಖಾಲಿ ಹಿನ್ನೆಲೆಯ ನಡುವೆ ಒಂದೇ ಒಂದು ಬ್ಯಾಸ್ಕೆಟ್‌ಬಾಲ್ ಶೂ ಇರುತ್ತದೆ. ಕೆಳ ಅಂಚಿನಲ್ಲಿ ಪೆನ್ಸಿಲ್‌ನಿಂದ ಹಾಕಿದ ಸಹಿಯೂ ಅದರ ಪಕ್ಕದಲ್ಲಿ 37/150 ಎಂಬಂಥ ಒಂದು ಸಂಖ್ಯೆಯೂ ಇರುತ್ತವೆ. ನೋಡುವುದಕ್ಕೆ ಪೋಸ್ಟರಿನಂತೆಯೇ ಇರುವ ಈ ಕಾಗದಕ್ಕೆ ಪೋಸ್ಟರಿನ ಹತ್ತಾರು ಪಟ್ಟು ಬೆಲೆ ಏಕೆ ಎಂದು ಮನೆಯ ಹಿರಿಯರು ಕೇಳುತ್ತಾರೆ, ಮತ್ತು ಆ ಪ್ರಶ್ನೆಗೆ ಕೊಂಡವರಲ್ಲಿಯೂ ಹೆಚ್ಚಿನವರಿಗೆ ಸರಿಯಾದ ಉತ್ತರ ಗೊತ್ತಿರುವುದಿಲ್ಲ. ಉತ್ತರ ಇರುವುದು ಆ ಸಂಖ್ಯೆಯಲ್ಲಿ. ಅದು, ಈ ಚಿತ್ರವನ್ನು ಇಷ್ಟೇ ಪ್ರತಿಗಳ ಸೀಮಿತ ಆವೃತ್ತಿಯಾಗಿ ತೆಗೆಯುತ್ತೇವೆಂದು ಕಲಾವಿದರು ಕೊಳ್ಳುವವರಿಗೆ ಕೊಟ್ಟ ಮಾತು. ಆ ಮಾತಿನ ಷರತ್ತುಗಳೇನು, ಅದನ್ನು ಉಳಿಸಿಕೊಳ್ಳುವ ಹೊಣೆ ಯಾರದು ಎಂಬುದನ್ನು ತಿಳಿಯದೆ ಇಂತಹ ಚಿತ್ರಕ್ಕೆ ಹಣ ಕೊಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಶೂವಿನ ವಿಷಯ. ಕಾಲಿಗೆ ಹಾಕುವ ವಸ್ತುವನ್ನು ಚಿತ್ರಿಸುವುದು ಕಲೆಯೇ ಎಂಬ ಅನುಮಾನ ಹೊಸದಲ್ಲ. ವಿನ್ಸೆಂಟ್ ವ್ಯಾನ್‌ಗೋ 1886ರಲ್ಲಿ ಪ್ಯಾರಿಸ್‌ನಲ್ಲಿ ಸವೆದ ಒಂದು ಜೊತೆ ಶೂಗಳನ್ನು ಚಿತ್ರಿಸಿದರು, ಮತ್ತು ಆ ಚಿತ್ರದ ಅರ್ಥದ ಬಗ್ಗೆ ತತ್ತ್ವಶಾಸ್ತ್ರಜ್ಞರು ದಶಕಗಳ ಕಾಲ ವಾದಿಸಿದರು. ಆಂಡಿ ವಾರ್ಹೋಲ್ 1950ರ ದಶಕದಲ್ಲಿ ನ್ಯೂಯಾರ್ಕಿನ ಶೂ ಕಂಪನಿಯೊಂದರ ಜಾಹೀರಾತುಗಳಿಗೆ ಚಿತ್ರ ಬರೆಯುತ್ತ ಹೆಸರು ಮಾಡಿ, 1980ರಲ್ಲಿ ಮತ್ತೆ ಶೂಗಳಿಗೇ ಮರಳಿ, ಮಿನುಗುವ ಪುಡಿ ಬಳಸಿದ ಸ್ಕ್ರೀನ್ ಪ್ರಿಂಟ್ ಸರಣಿಯನ್ನು ಮಾಡಿದರು. ಬ್ಯಾಸ್ಕೆಟ್‌ಬಾಲ್ ಶೂಗಳ ಚಿತ್ರಗಳು ಈ ದಾರಿಯಲ್ಲಿಯೇ ಬಂದಿವೆ. ಹಾಕಿಯ ನಾಡಾದ ಕೊಡಗಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1980ರ ಮಾಸ್ಕೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ನಮ್ಮ ಎಂ.ಎಂ. ಸೋಮಯ್ಯ ಇದ್ದರು, ಆ ತಲೆಮಾರಿನವರ ಒಂದು ಹಾಕಿ ಕೋಲನ್ನು ಯಾರಾದರೂ ಶ್ರದ್ಧೆಯಿಂದ ಚಿತ್ರಿಸಿದರೆ ನಾವು ಅದರಲ್ಲಿ ಬರಿಯ ಮರದ ತುಂಡನ್ನು ನೋಡುವುದಿಲ್ಲ.

ಎಲ್ಲ ಬ್ಯಾಸ್ಕೆಟ್‌ಬಾಲ್ ಶೂಗಳೂ ಚಿತ್ರವಾಗುವುದಿಲ್ಲ. ಮತ್ತೆ ಮತ್ತೆ ಚಿತ್ರಿತವಾಗುವವು ಬೆರಳೆಣಿಕೆಯಷ್ಟು. 1917ರಿಂದ ಇರುವ ಕಾನ್ವರ್ಸ್‌ನ ಆಲ್ ಸ್ಟಾರ್ ಕ್ಯಾನ್ವಾಸ್ ಶೂ, ರಬ್ಬರಿನ ಚಿಪ್ಪಿನಂಥ ಮುಂಭಾಗವಿರುವ ಅಡಿಡಾಸ್ ಸೂಪರ್‌ಸ್ಟಾರ್, ಆಟಗಾರ ವಾಲ್ಟ್ ಫ್ರೇಜಿಯರ್ ಅವರಿಗಾಗಿ ಪ್ಯೂಮಾ ತಯಾರಿಸಿದ ಸ್ವೇಡ್ ಚರ್ಮದ ಕ್ಲೈಡ್, ನೈಕಿ ಕಂಪನಿಯ 1982ರ ಏರ್ ಫೋರ್ಸ್ 1 ಇವೆಲ್ಲ ಆ ಪಟ್ಟಿಯಲ್ಲಿವೆ. ಆದರೆ ಪಟ್ಟಿಯ ತಲೆಯಲ್ಲಿ ನಿಲ್ಲುವುದು ಪೀಟರ್ ಮೂರ್ ವಿನ್ಯಾಸಗೊಳಿಸಿದ, 1985ರಲ್ಲಿ ಮಾರುಕಟ್ಟೆಗೆ ಬಂದ ಏರ್ ಜೋರ್ಡನ್ 1. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎ ಆಟಗಾರ ಮೈಕೆಲ್ ಜೋರ್ಡನ್ ಅವರ ಕಪ್ಪು ಕೆಂಪು ಶೂವಿಗೆ ಆಕ್ಷೇಪಣೆ ಎತ್ತಿತು; ನೈಕಿ ಆ ಆಕ್ಷೇಪಣೆಯನ್ನೇ ಜಾಹೀರಾತಾಗಿ ಮಾಡಿ ಏರ್ ಜೋರ್ಡನ್ 1ನ್ನು ನಿಷೇಧಿತ ಶೂ ಎಂದು ಮಾರಿತು. ಆಗ ಜೋರ್ಡನ್ ಕಾಲಿನಲ್ಲಿದ್ದುದು ಬಹುಮಟ್ಟಿಗೆ ಏರ್ ಶಿಪ್ ಎಂಬ ಬೇರೊಂದು ಶೂ ಎಂದು ಸಂಗ್ರಾಹಕರು ಹೇಳುತ್ತಾರೆ. 1988ರ ಏರ್ ಜೋರ್ಡನ್ 3ರಲ್ಲಿ ವಿನ್ಯಾಸಕಾರ ಟಿಂಕರ್ ಹ್ಯಾಟ್‌ಫೀಲ್ಡ್ ಆನೆಯ ಚರ್ಮವನ್ನು ನೆನಪಿಸುವ ಬೂದು ಗೆರೆಗಳ ನಮೂನೆಯನ್ನು ತಂದರು. ಹಿಮ್ಮಡಿಯೊಳಗಿನ ಗಾಳಿಚೀಲ ಹೊರಗಿನಿಂದ ಕಾಣುವಂತೆ ಮಾಡಿದರು. 1995ರ ಏರ್ ಜೋರ್ಡನ್ 11ರ ಹೊಳೆಯುವ ಪೇಟೆಂಟ್ ಚರ್ಮವು ಬೆಳಕನ್ನು ಪ್ರತಿಫಲಿಸುವ ರೀತಿ ತೈಲವರ್ಣದಲ್ಲಿ ಕೆಲಸ ಮಾಡುವವರಿಗೆ ಒಂದು ಪರೀಕ್ಷೆಯೇ ಸರಿ.

ಶೂವನ್ನೇ ಕೊಂಡು ಇಟ್ಟುಕೊಳ್ಳಬಹುದಲ್ಲ, ಚಿತ್ರವೇಕೆ ಎಂದು ಕೇಳುವವರಿಗೆ ಕೊಡಗಿನ ಹವೆಯೇ ಅರ್ಧ ಉತ್ತರ ಕೊಡುತ್ತದೆ. ಏರ್ ಜೋರ್ಡನ್ 3 ಮತ್ತು 4ರಂಥ ಶೂಗಳ ಮಿಡ್‌ಸೋಲ್, ಅಂದರೆ ಪಾದಕ್ಕೂ ನೆಲಕ್ಕೂ ನಡುವೆ ಇರುವ ಮೆತ್ತನೆಯ ಪದರ, ಪಾಲಿಯುರಿಥೇನ್ ನೊರೆಯಿಂದ ಆದದ್ದು. ಗಾಳಿಯಲ್ಲಿರುವ ತೇವಾಂಶವು ಈ ವಸ್ತುವಿನ ಅಣುಗಳ ಬಂಧಗಳನ್ನು ನಿಧಾನವಾಗಿ ಕಡಿಯುತ್ತದೆ. ರಸಾಯನಶಾಸ್ತ್ರದಲ್ಲಿ ಇದನ್ನು ಜಲವಿಭಜನೆ ಎನ್ನುತ್ತಾರೆ. ಒಮ್ಮೆಯೂ ಕಾಲಿಗೆ ಹಾಕದೆ ಪೆಟ್ಟಿಗೆಯಲ್ಲಿಯೇ ಇಟ್ಟ ಶೂ ಕೂಡ ವರ್ಷಗಳು ಕಳೆದಂತೆ ಹುಡಿಯಾಗುತ್ತದೆ, ಮತ್ತು ಬಿಸಿಯೂ ತೇವವೂ ಹೆಚ್ಚಿರುವಲ್ಲಿ ಇದು ಬೇಗ ನಡೆಯುತ್ತದೆ. ಮೂಲದ 1988ರ ಜೊತೆಗಳಲ್ಲಿ ಹೆಚ್ಚಿನವನ್ನು ಇಂದು ಹಾಕಿಕೊಂಡು ನಡೆಯಲಾಗದು. ಜೋರ್ಡನ್ 1998ರ ಫೈನಲ್ಸ್‌ನ ಪಂದ್ಯವೊಂದರಲ್ಲಿ ಧರಿಸಿದ್ದ ಏರ್ ಜೋರ್ಡನ್ 13 ಜೊತೆಯು 2023ರಲ್ಲಿ ಸೋದಬೀಸ್ ಹರಾಜಿನಲ್ಲಿ 22 ಲಕ್ಷ ಡಾಲರಿಗೆ ಹೋಯಿತು. ಅಂಥ ಶೂಗಳು ತೇವಾಂಶ ನಿಯಂತ್ರಿಸಿದ ಪೆಟ್ಟಿಗೆಗಳಲ್ಲಿ ಇರುತ್ತವೆ, ನಮ್ಮ ಅಟ್ಟದಲ್ಲಿ ಅಲ್ಲ. ಒಳ್ಳೆಯ ಕಾಗದದ ಮೇಲೆ ಒಳ್ಳೆಯ ಬಣ್ಣದಿಂದ ಮಾಡಿದ ಚಿತ್ರವಾದರೋ ಸರಿಯಾಗಿ ನೋಡಿಕೊಂಡರೆ ಶೂವಿಗಿಂತ ಬಹುಕಾಲ ಬಾಳುತ್ತದೆ.

ಈಗ ಚಿತ್ರ ಹೇಗೆ ತಯಾರಾಗುತ್ತದೆ ಎಂಬುದಕ್ಕೆ ಬರೋಣ. ಸೀಮಿತ ಆವೃತ್ತಿಯ ಚಿತ್ರವೆಂದು ಮಾರುವ ವಸ್ತುಗಳಲ್ಲಿ ಎರಡು ತೀರ ಭಿನ್ನವಾದ ಜಾತಿಗಳಿವೆ, ಮತ್ತು ಮಾರುವವರು ಅನೇಕ ವೇಳೆ ಆ ಭೇದವನ್ನು ಸ್ಪಷ್ಟಪಡಿಸುವುದಿಲ್ಲ.

ಒಂದು, ಮೂಲತಃ ಮುದ್ರಣವಾಗಿಯೇ ಹುಟ್ಟಿದ ಕೃತಿ. ಸ್ಕ್ರೀನ್ ಪ್ರಿಂಟಿಂಗ್ ಇದರಲ್ಲಿ ಮುಖ್ಯವಾದದ್ದು. ಲಗ್ನಪತ್ರಿಕೆಗಳನ್ನೂ ಬ್ಯಾನರುಗಳನ್ನೂ ಈ ವಿಧಾನದಲ್ಲಿ ಮುದ್ರಿಸುತ್ತಿದ್ದುದನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ: ಚೌಕಟ್ಟಿಗೆ ಬಿಗಿದ ತೆಳು ಜಾಲರಿಯಲ್ಲಿ ಬಣ್ಣ ಇಳಿಯಬೇಕಾದ ಜಾಗವನ್ನು ಮಾತ್ರ ತೆರೆದಿಟ್ಟು, ರಬ್ಬರಿನ ಪಟ್ಟಿಯಿಂದ ಬಣ್ಣವನ್ನು ಎಳೆದು ಕಾಗದದ ಮೇಲೆ ಕೂರಿಸುತ್ತಾರೆ. ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಬೇಕು. ಕಪ್ಪು, ಕೆಂಪು, ಬಿಳುಪುಗಳ ಅಖಂಡ ತುಂಡುಗಳಿಂದ ಜೋಡಿಸಿದ ಏರ್ ಜೋರ್ಡನ್ 1 ಈ ವಿಧಾನಕ್ಕೆ ಹೇಳಿ ಮಾಡಿಸಿದಂತಿದೆ. ಬಣ್ಣವು ಕಾಗದದ ಮೇಲೆ ದಪ್ಪನಾಗಿ ನಿಂತು ಚರ್ಮದ ತುಂಡಿನ ಅಂಚಿನಂತೆಯೇ ತೋರುತ್ತದೆ. ಇಲ್ಲಿ ಹಿಂದೆ ಬೇರೆ ಮೂಲಚಿತ್ರವೊಂದು ಇರುವುದಿಲ್ಲ. ಆವೃತ್ತಿಯ 150 ಪ್ರತಿಗಳಲ್ಲಿ ಪ್ರತಿಯೊಂದೂ ಮೂಲಕೃತಿಯೇ.

ಎರಡು, ತೈಲದಲ್ಲಿಯೋ ಅಕ್ರಿಲಿಕ್‌ನಲ್ಲಿಯೋ ಜಲವರ್ಣದಲ್ಲಿಯೋ ಕಲಾವಿದರು ಬಿಡಿಸಿದ ಒಂದೇ ಮೂಲಚಿತ್ರವನ್ನು ಸ್ಕ್ಯಾನ್ ಮಾಡಿ, ಇಂಕ್‌ಜೆಟ್ ಯಂತ್ರದಿಂದ ಉತ್ತಮ ಕಾಗದದ ಅಥವಾ ಕ್ಯಾನ್ವಾಸಿನ ಮೇಲೆ ತೆಗೆದ ಪ್ರತಿ. ಮಾರುಕಟ್ಟೆಯಲ್ಲಿ ಇದಕ್ಕೆ ಝಿಕ್ಲೇ ಎಂಬ ಹೆಸರಿದೆ. ಈ ಹೆಸರು 1990ರ ದಶಕದ ಆರಂಭದಲ್ಲಿ ಅಮೆರಿಕದ ಮುದ್ರಕರ ನಡುವೆ ಹುಟ್ಟಿತು. ಹೆಸರಿನ ಸೊಗಸಿಗೆ ಮರುಳಾಗದೆ ಕೇಳಬೇಕಾದ ಪ್ರಶ್ನೆಗಳು ಎರಡೇ. ಬಳಸಿದ ಶಾಯಿ ವರ್ಣದ್ರವ್ಯದ್ದೋ, ಅಂದರೆ ಪಿಗ್ಮೆಂಟಿನದೋ, ಅಥವಾ ನೀರಿನಲ್ಲಿ ಕರಗುವ ಡೈಯದೋ? ಕಾಗದ ಆಮ್ಲರಹಿತವಾದ ಹತ್ತಿಯ ನಾರಿನದೋ, ಅಥವಾ ಸಾಮಾನ್ಯ ಮರದ ತಿರುಳಿನದೋ? ಡೈ ಶಾಯಿ ಬೆಳಕಿಗೆ ಬೇಗ ಮಾಸುತ್ತದೆ, ತೇವಕ್ಕೆ ಹರಡುತ್ತದೆ; ಪಿಗ್ಮೆಂಟ್ ಶಾಯಿಯ ಕಣಗಳು ಎರಡನ್ನೂ ಬಹಳ ಮಟ್ಟಿಗೆ ತಡೆದುಕೊಳ್ಳುತ್ತವೆ. ಇಂಥ ಪ್ರತಿ ಕೀಳೆಂದು ನಾನು ಹೇಳುವುದಿಲ್ಲ. ಕ್ಯಾನ್ವಾಸ್ ಶೂವಿನ ನೇಯ್ಗೆಯನ್ನು, ಸ್ವೇಡ್ ಚರ್ಮದ ರೋಮವನ್ನು ಸೂಕ್ಷ್ಮವಾಗಿ ತೋರಿಸಲು ಇದೇ ಯೋಗ್ಯ. ಆದರೆ ಇದು ಪ್ರತಿಕೃತಿ, ಮತ್ತು ಇದರ ಬೆಲೆಯನ್ನು ಪ್ರತಿಕೃತಿಯ ಬೆಲೆಯಾಗಿಯೇ ಅಳೆಯಬೇಕು. ಕೆಲವು ಕಲಾವಿದರು ಮುದ್ರಿತ ಪ್ರತಿಯ ಮೇಲೆ ಕೈಯಿಂದ ಬಣ್ಣ ಹಚ್ಚಿ ಒಂದೊಂದನ್ನೂ ಬೇರೆಯಾಗಿಸುತ್ತಾರೆ. ಹಾಗಿದ್ದರೆ ಎಲ್ಲಿ, ಎಷ್ಟು ಹಚ್ಚಿದ್ದಾರೆ ಎಂಬುದನ್ನು ಓರೆ ಬೆಳಕಿನಲ್ಲಿ ಹಿಡಿದು ನೋಡಬಹುದು.

ಸಂಖ್ಯೆಯ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. 37/150 ಎಂದರೆ 150 ಪ್ರತಿಗಳ ಆವೃತ್ತಿಯಲ್ಲಿ ಇದು 37ನೆಯದು. ಕೆಳಗಿನ ಸಂಖ್ಯೆ ಚಿಕ್ಕದಾದಷ್ಟೂ ಪ್ರತಿಗಳು ವಿರಳ. ಮೇಲಿನ ಸಂಖ್ಯೆ 1 ಆಗಿದ್ದರೂ 149 ಆಗಿದ್ದರೂ ಇಂದಿನ ವಿಧಾನಗಳಲ್ಲಿ ಚಿತ್ರದ ಗುಣದಲ್ಲಿ ವ್ಯತ್ಯಾಸವಿಲ್ಲ. ತಾಮ್ರದ ಫಲಕದ ಮೇಲೆ ಗೀರಿ ಮುದ್ರಿಸುತ್ತಿದ್ದ ಕಾಲದಲ್ಲಿ ಫಲಕ ಸವೆಯುತ್ತಿದ್ದುದರಿಂದ ಮೊದಲ ಪ್ರತಿಗಳಿಗೆ ಬೆಲೆ ಹೆಚ್ಚಿತ್ತು, ಆ ನಂಬಿಕೆ ಮಾತ್ರ ಉಳಿದುಕೊಂಡು ಬಂದಿದೆ. ಆವೃತ್ತಿಯ ಹೊರಗೆ ಕಲಾವಿದರು ತಮಗಾಗಿ ಇಟ್ಟುಕೊಳ್ಳುವ ಪ್ರತಿಗಳೂ ಇರುತ್ತವೆ; ಅವುಗಳ ಮೇಲೆ ಎ.ಪಿ. ಎಂದು ಬರೆದಿರುತ್ತಾರೆ, ಮುದ್ರಕರ ಪ್ರತಿಗೆ ಪಿ.ಪಿ. ಎಂದು. ರೂಢಿಯಲ್ಲಿ ಎ.ಪಿ. ಪ್ರತಿಗಳು ಆವೃತ್ತಿಯ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿರಬೇಕು. ಹಾಗಾಗಿ ಜಗತ್ತಿನಲ್ಲಿ ಆ ಚಿತ್ರದ ಒಟ್ಟು ಪ್ರತಿಗಳೆಷ್ಟು ಎಂದು ತಿಳಿಯಬೇಕಾದರೆ 150 ಎಂಬುದಷ್ಟೇ ಸಾಲದು. ಪ್ರಮಾಣಪತ್ರದಲ್ಲಿ ಎ.ಪಿ.ಗಳ ಲೆಕ್ಕವೂ ಇರಬೇಕು.

ಇದಕ್ಕಿಂತ ದೊಡ್ಡ ತೊಡಕು ಅಳತೆಯದು. ಒಂದೇ ಶೂ ಚಿತ್ರವನ್ನು ಚಿಕ್ಕ ಅಳತೆಯಲ್ಲಿ 200, ನಡು ಅಳತೆಯಲ್ಲಿ 100, ದೊಡ್ಡ ಅಳತೆಯಲ್ಲಿ 25 ಎಂದು ಮೂರು ಆವೃತ್ತಿಗಳಾಗಿ ತೆಗೆದರೆ ಪ್ರತಿಯೊಂದೂ ಸೀಮಿತವೇ, ಆದರೆ ಚಿತ್ರ 325 ಗೋಡೆಗಳ ಮೇಲಿರುತ್ತದೆ. ನಾಳೆ ನಾಲ್ಕನೆಯ ಅಳತೆ ಬರಬಹುದೇ? ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. ಅಮೆರಿಕದ ಹೆಸರಾಂತ ಛಾಯಾಗ್ರಾಹಕ ವಿಲಿಯಂ ಎಗಲ್‌ಸ್ಟನ್ ಹಿಂದೆ ಸೀಮಿತ ಆವೃತ್ತಿಯಲ್ಲಿ ಮಾರಿದ್ದ ಕೆಲವು ಚಿತ್ರಗಳನ್ನು 2012ರಲ್ಲಿ ಹೊಸದಾಗಿ, ಬಹಳ ದೊಡ್ಡ ಅಳತೆಯ ಡಿಜಿಟಲ್ ಮುದ್ರಣಗಳಾಗಿ ಹರಾಜಿಗಿಟ್ಟರು. 36 ಮುದ್ರಣಗಳಿಗೆ ಸುಮಾರು 59 ಲಕ್ಷ ಡಾಲರ್ ಬಂತು. ಹಳೆಯ ಆವೃತ್ತಿಯ ಪ್ರತಿಗಳನ್ನು ಹೊಂದಿದ್ದ ಸಂಗ್ರಾಹಕರೊಬ್ಬರು ತಮ್ಮ ಪ್ರತಿಗಳ ವಿರಳತೆಗೆ ಧಕ್ಕೆಯಾಯಿತೆಂದು ದಾವೆ ಹೂಡಿದರು. ಅಳತೆಯೂ ವಿಧಾನವೂ ಬೇರೆಯಾದುದರಿಂದ ಅದು ಹೊಸ ಆವೃತ್ತಿಯೇ ಸರಿ ಎಂಬ ನೆಲೆಯಲ್ಲಿ ನ್ಯೂಯಾರ್ಕಿನ ನ್ಯಾಯಾಲಯವು 2013ರಲ್ಲಿ ಆ ದಾವೆಯನ್ನು ವಜಾ ಮಾಡಿತು. ಮುದ್ರಣಗಳ ಮಾರಾಟಕ್ಕೆಂದೇ ವಿಶೇಷ ಕಾನೂನು ಇರುವ ರಾಜ್ಯದಲ್ಲಿಯೇ ಹೀಗಾಯಿತು.

ಇದರಿಂದ ತಿಳಿಯಬೇಕಾದದ್ದು ಇಷ್ಟು: ಡಿಜಿಟಲ್ ಫೈಲಿಗೆ ಸವೆತವಿಲ್ಲ. ಹಿಂದೆ ಆವೃತ್ತಿ ಮುಗಿದ ಮೇಲೆ ಫಲಕಕ್ಕೆ ಅಡ್ಡಗೆರೆ ಎಳೆದು ಕೆಡಿಸುತ್ತಿದ್ದರು. ಇಂದು ಗುಂಡಿ ಒತ್ತಿದರೆ ಇನ್ನೊಂದು ಪ್ರತಿ ಹೊರಬರುತ್ತದೆ. ಅದನ್ನು ತಡೆಯುವುದು ಕಲಾವಿದರ ಮಾತು ಮಾತ್ರ. ಆದ್ದರಿಂದ ಆ ಮಾತು ಬರಹದಲ್ಲಿರಬೇಕು. ಕಾಫಿ ಮೂಟೆಯ ಮೇಲೆ ತೋಟ, ತಳಿ, ಸಂಸ್ಕರಣೆಯ ಬಗೆ, ಫಸಲಿನ ವರ್ಷ ಇಲ್ಲದಿದ್ದರೆ ವಿಶೇಷ ಕಾಫಿಯ ಬೆಲೆ ಯಾರೂ ಕೊಡುವುದಿಲ್ಲವಷ್ಟೆ. ಚಿತ್ರದ ಪ್ರಮಾಣಪತ್ರದಲ್ಲಿಯೂ ಶೀರ್ಷಿಕೆ, ವರ್ಷ, ವಿಧಾನ, ಕಾಗದ, ಅಳತೆ, ಆವೃತ್ತಿಯ ಗಾತ್ರ, ಎ.ಪಿ.ಗಳ ಸಂಖ್ಯೆ, ಬೇರೆ ಅಳತೆಗಳಲ್ಲಿ ತೆಗೆದಿದ್ದಾರೆಯೇ ಮತ್ತು ಮುಂದೆ ತೆಗೆಯುವರೇ ಎಂಬ ಹೇಳಿಕೆ, ಕಲಾವಿದರ ಸಹಿ ಇವು ಇರಲೇಬೇಕು. 24 ಗಂಟೆಯೊಳಗೆ ಬಂದಷ್ಟು ಬೇಡಿಕೆಗಳಿಗೆಲ್ಲ ಮುದ್ರಿಸಿ ಕೊಡುತ್ತೇವೆ ಎನ್ನುವ ಆವೃತ್ತಿಗಳೂ ಈಗ ಬರುತ್ತಿವೆ. ಅಲ್ಲಿ ಸೀಮಿತವಾಗಿರುವುದು ಸಮಯವೇ ಹೊರತು ಪ್ರತಿಗಳ ಸಂಖ್ಯೆಯಲ್ಲ.

ಕೊಟ್ಟ ವಿವರಣೆಗೂ ಬಂದ ವಸ್ತುವಿಗೂ ತಾಳೆಯಾಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನೆರವಿಗಿದೆ. ಮಾರಿದವರು ಮುಂಬೈಯಲ್ಲಿದ್ದರೂ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಲು ಆ ಕಾಯ್ದೆ ಅವಕಾಶ ಕೊಡುತ್ತದೆ, ಅಂದರೆ ನಾಪೋಕ್ಲುವಿನವರಿಗೆ ಮಡಿಕೇರಿಯೇ ಸಾಕು. ಬರಹದಲ್ಲಿ ವಿವರಣೆ ಇಲ್ಲದಿದ್ದರೆ ಮಾತ್ರ ದೂರಿಗೆ ಆಧಾರವೇ ಇರುವುದಿಲ್ಲ.

ಕಂಪನಿಯ ಶೂವನ್ನು ಚಿತ್ರಿಸಿ ಮಾರಲು ಕಲಾವಿದರಿಗೆ ಹಕ್ಕಿದೆಯೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಇಲ್ಲಿ ಎರಡು ಹಕ್ಕುಗಳು ಬೆರೆತುಕೊಂಡಿವೆ. ಶೂವಿನ ಮೇಲಿನ ಚಿಹ್ನೆ ಕಂಪನಿಯ ಟ್ರೇಡ್‌ಮಾರ್ಕ್. ಕೊಳ್ಳುವವರು ಸರಕಿನ ಮೂಲದ ಬಗ್ಗೆ ಮೋಸಹೋಗದಂತೆ ನೋಡಿಕೊಳ್ಳುವುದು ಅದರ ಮುಖ್ಯ ಕೆಲಸ. ಅಮೆರಿಕದ ನ್ಯಾಯಾಲಯಗಳು ಕ್ರೀಡಾ ಚಿತ್ರಗಳ ವಿಷಯದಲ್ಲಿ ಕಲಾವಿದರ ಪರವಾಗಿ ಗಟ್ಟಿಯಾದ ತೀರ್ಪುಗಳನ್ನು ಕೊಟ್ಟಿವೆ. ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಅವರ ಗೆಲುವನ್ನು ಚಿತ್ರಿಸಿದ ರಿಕ್ ರಶ್ ಅವರ ಸೀಮಿತ ಆವೃತ್ತಿಯ ಮುದ್ರಣಗಳನ್ನು 2003ರ ತೀರ್ಪು ಎತ್ತಿಹಿಡಿಯಿತು. ಅಲಬಾಮಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಸಮವಸ್ತ್ರಗಳನ್ನು ಯಥಾವತ್ತಾಗಿ ಚಿತ್ರಿಸಿದ ಡೇನಿಯಲ್ ಮೂರ್ ಅವರ ಪ್ರಕರಣದಲ್ಲಿ 2012ರ ತೀರ್ಪು ವರ್ಣಚಿತ್ರಗಳಿಗೂ ಮುದ್ರಣಗಳಿಗೂ ರಕ್ಷಣೆ ನೀಡಿ, ಮಗ್‌ನಂತಹ ಸರಕುಗಳ ಪ್ರಶ್ನೆಯನ್ನು ಬೇರೆಯಾಗಿಯೇ ನೋಡಿತು. ಅಲ್ಲಿನ ತೀರ್ಪುಗಳು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲವಾದರೂ ವಿವೇಕದ ದಾರಿಯನ್ನು ತೋರುತ್ತವೆ: ಶೂವನ್ನು ಚಿತ್ರದ ವಸ್ತುವಾಗಿ ಬಿಡಿಸುವುದು ಒಂದು, ಕಂಪನಿಯ ಚಿಹ್ನೆಯನ್ನಷ್ಟೇ ಎತ್ತಿ ಟೀ ಶರ್ಟಿನ ಮೇಲೆ ಹಾಕುವುದು ಇನ್ನೊಂದು, ಕಂಪನಿಯೇ ಒಪ್ಪಿ ಹೊರತಂದ ಚಿತ್ರವೆಂದು ಸುಳ್ಳು ಹೇಳುವುದು ಮತ್ತೂ ಬೇರೆ.

ಇನ್ನೊಂದು ಹಕ್ಕು ಛಾಯಾಚಿತ್ರದ್ದು, ಮತ್ತು ಚಿತ್ರ ಬರೆಯುವ ನಮ್ಮ ಹುಡುಗರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಇಂಟರ್ನೆಟ್‌ನಲ್ಲಿ ಸಿಕ್ಕ ಶೂ ಫೋಟೊ ಒಂದನ್ನು ಬೆಳಕು, ನೆರಳು, ಕೋನ ಸಮೇತ ನಕಲು ಮಾಡಿದರೆ ಆ ಫೋಟೊ ತೆಗೆದವರ ಕೃತಿಸ್ವಾಮ್ಯ ಅಡ್ಡ ಬರುತ್ತದೆ. ಜೋರ್ಡನ್ ಜಿಗಿತದ ಪ್ರಸಿದ್ಧ ಲಾಂಛನದ ಹಿಂದಿನ ಚಿತ್ರ ತಮ್ಮ 1984ರ ಫೋಟೊದ ನಕಲೆಂದು ಛಾಯಾಗ್ರಾಹಕ ರೆಂಟ್‌ಮೀಸ್ಟರ್ ಹೂಡಿದ ದಾವೆ 2018ರಲ್ಲಿ ಮೇಲ್ಮನವಿಯಲ್ಲಿಯೂ ಬಿದ್ದುಹೋಯಿತು, ಏಕೆಂದರೆ ಜಿಗಿತದ ಭಂಗಿ ಯಾರೊಬ್ಬರ ಸ್ವತ್ತಲ್ಲ. ಆದರೆ 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಗಾಯಕ ಪ್ರಿನ್ಸ್ ಅವರ ಫೋಟೊ ಆಧರಿಸಿ ವಾರ್ಹೋಲ್ ಮಾಡಿದ ಚಿತ್ರವನ್ನು ಪತ್ರಿಕೆಯೊಂದಕ್ಕೆ ಕೊಟ್ಟ ವಿಷಯದಲ್ಲಿ ಛಾಯಾಗ್ರಾಹಕಿಯ ಪರ ನಿಂತಿತು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಛಾಯಾಚಿತ್ರವೂ ಕಲಾಕೃತಿಯೇ. ಶೂವನ್ನು ಎದುರಿಗಿಟ್ಟುಕೊಂಡು, ತಾವೇ ಬೆಳಕು ಹೊಂದಿಸಿ ಬರೆಯುವುದು ಕಾನೂನಿಗೂ ಒಳ್ಳೆಯದು, ಚಿತ್ರಕ್ಕೂ ಒಳ್ಳೆಯದು.

ಕೊಂಡವರಿಗೂ ಒಂದು ಮಿತಿಯಿದೆ. ಚಿತ್ರದ ಪ್ರತಿ ನಿಮ್ಮದು, ಅದರ ಕೃತಿಸ್ವಾಮ್ಯ ಕಲಾವಿದರದ್ದು. ಹೋಂಸ್ಟೇಯ ಗೋಡೆಗೆ ತೂಗುಹಾಕಬಹುದು. ಅದನ್ನೇ ಫೋಟೊ ತೆಗೆದು ಹೋಂಸ್ಟೇಯ ಕರಪತ್ರ, ಮೆನು, ಕಾಫಿ ಪೊಟ್ಟಣಗಳ ಮೇಲೆ ಮುದ್ರಿಸಬೇಕಾದರೆ ಒಪ್ಪಿಗೆ ಬೇಕು.

ಇಷ್ಟೆಲ್ಲ ನೋಡಿ ಕೊಂಡ ಚಿತ್ರವನ್ನು ಕೊಡಗಿನ ಮಳೆಗಾಲದಲ್ಲಿ ಉಳಿಸಿಕೊಳ್ಳುವುದು ಹೇಗೆ? ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಭಾಗಮಂಡಲದ ಕಡೆ ಅದಕ್ಕೂ ಹೆಚ್ಚು. ಕಕ್ಕಡದ, ಅಂದರೆ ಜುಲೈ ಆಗಸ್ಟ್ ನಡುವಿನ ಜಡಿಮಳೆಯ ದಿನಗಳಲ್ಲಿ ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಹಿಡಿಯುವುದನ್ನು ಎಲ್ಲರೂ ಬಲ್ಲರು. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 65ರಿಂದ 70ನ್ನು ದಾಟಿ ಬಹುಕಾಲ ನಿಂತರೆ ಕಾಗದದ ಮೇಲೂ ಶಿಲೀಂಧ್ರ ಬೆಳೆಯುತ್ತದೆ, ಮತ್ತು ಅದು ಬಿಟ್ಟುಹೋಗುವ ಕಂದು ಚುಕ್ಕೆಗಳನ್ನು ಮನೆಯಲ್ಲಿ ತೆಗೆಯಲಾಗದು.

ಫ್ರೇಮ್ ಹಾಕಿಸುವಾಗಲೇ ಅರ್ಧ ಕೆಲಸ ಆಗಬೇಕು. ಚಿತ್ರದ ಕಾಗದ ಗಾಜಿಗೆ ತಾಗಬಾರದು. ತಾಗಿದರೆ ಗಾಜಿನೊಳಗೆ ಕಟ್ಟುವ ತೇವಕ್ಕೆ ಬಣ್ಣ ಅಂಟಿಕೊಳ್ಳುತ್ತದೆ. ನಡುವೆ ಆಮ್ಲರಹಿತ ಮೌಂಟ್ ಹಲಗೆ ಕತ್ತರಿಸಿ ಇಡಿಸಬೇಕು. ಬೆನ್ನಿಗೆ ನೇರವಾಗಿ ಹಾರ್ಡ್‌ಬೋರ್ಡ್ ಹಾಕಿ ಮೊಳೆ ಹೊಡೆಯುವುದು ನಮ್ಮ ಊರುಗಳಲ್ಲಿ ರೂಢಿ. ಅದರ ಆಮ್ಲ ಕೆಲವೇ ವರ್ಷಗಳಲ್ಲಿ ಕಾಗದವನ್ನು ಹಳದಿಗೆ ತಿರುಗಿಸುತ್ತದೆ, ಆದ್ದರಿಂದ ನಡುವೆ ಆಮ್ಲರಹಿತ ಹಲಗೆ ಇರಲೇಬೇಕು. ಚಿತ್ರವನ್ನು ಗೋಂದಿನಿಂದ ಪೂರ್ತಿಯಾಗಿ ಅಂಟಿಸುವುದು, ಮಳೆಗೆ ರಕ್ಷಣೆಯೆಂದು ಲ್ಯಾಮಿನೇಷನ್ ಮಾಡಿಸುವುದು, ಎರಡೂ ಚಿತ್ರವನ್ನು ಹಾಳುಮಾಡುತ್ತವೆ. ಮೇಲಂಚಿನಲ್ಲಿ ತೆಳು ಕಾಗದದ ಎರಡು ಪಟ್ಟಿಗಳನ್ನು ಗಂಜಿಯ ಅಂಟಿನಿಂದ ಹಚ್ಚಿ ಇಳಿಬಿಡುವುದು ಸರಿಯಾದ ಕ್ರಮ. ಬೇಕೆಂದಾಗ ನೀರು ತಾಗಿಸಿ ಬಿಡಿಸಬಹುದು. ಹಳ್ಳಿಯ ಫ್ರೇಮಿನ ಅಂಗಡಿಯವರು ಇದನ್ನೆಲ್ಲ ಮಾಡಲಾರರೆಂದು ಭಾವಿಸಬೇಕಾಗಿಲ್ಲ. ಎದುರಿಗೆ ನಿಂತು ವಿವರಿಸಿದರೆ ಬಹಳ ಚೊಕ್ಕಟವಾಗಿ ಮಾಡಿಕೊಡುತ್ತಾರೆ.

ಎಲ್ಲಿ ತೂಗುಹಾಕುವುದು ಎಂಬುದೂ ಅಷ್ಟೇ ಮುಖ್ಯ. ಮಳೆ ಹೊಡೆಯುವ ಪಡುವಣ ದಿಕ್ಕಿನ ಹೊರಗೋಡೆ ಬೇಡ, ಅಡುಗೆಮನೆಯ ಹೊಗೆ ತಾಗುವ ಗೋಡೆಯೂ ಬೇಡ, ಬೇಸಿಗೆಯ ಬಿಸಿಲು ನೇರವಾಗಿ ಬೀಳುವ ಗೋಡೆ ಬೇಡವೇ ಬೇಡ. ಮನೆಯ ಒಳಗೋಡೆ ಎಲ್ಲಕ್ಕಿಂತ ಉತ್ತಮ. ಫ್ರೇಮಿನ ಕೆಳ ಮೂಲೆಗಳಿಗೆ ಸಣ್ಣ ರಬ್ಬರ್ ತುಂಡುಗಳನ್ನು ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ. ಮಳೆ ಜೋರಾದ ತಿಂಗಳುಗಳಲ್ಲಿ ಕೆಲವರು ಚಿತ್ರವನ್ನು ಇಳಿಸಿ ಬೀರುವಿನಲ್ಲಿ ಬಲ್ಬು ಉರಿಸಿ ಇಡುತ್ತಾರೆ. ಬಟ್ಟೆಗೆ ಅದು ಸರಿ. ಕಾಗದ ಒಂದು ಕಡೆಯಿಂದ ಬಿಸಿಯಾಗಿ ಸುರುಳಿಗೊಳ್ಳುತ್ತದೆ. ಅದಕ್ಕಿಂತ ಚಿತ್ರವನ್ನು ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಚಪ್ಪಟೆಯಾಗಿ ಮಲಗಿಸಿ, ಪೊಟ್ಟಣದ ಮಣಿಗಳು ಬಣ್ಣ ತಿರುಗಿದಾಗ ಬದಲಿಸುವುದು ಮೇಲು. ಕೋಣೆಯಲ್ಲಿ ತೇವಾಂಶ ತೋರಿಸುವ ಒಂದು ಅಗ್ಗದ ಮಾಪಕವನ್ನು ಇಟ್ಟರೆ ಚಿತ್ರವನ್ನು ಯಾವಾಗ ಇಳಿಸಬೇಕೆಂಬುದು ಊಹೆಯ ವಿಷಯವಾಗಿ ಉಳಿಯುವುದಿಲ್ಲ.

ಮುಂದೆ ಮಾರುವ ಯೋಚನೆ ಇದ್ದವರಿಗೆ ಒಂದು ಮಾತು. ಭಾರತದ ಕೃತಿಸ್ವಾಮ್ಯ ಕಾಯ್ದೆಯ 53ಎ ವಿಧಿಯ ಪ್ರಕಾರ, ಮೂಲ ವರ್ಣಚಿತ್ರವು 10,000 ರೂಪಾಯಿಗೂ ಮೀರಿದ ಬೆಲೆಗೆ ಮರುಮಾರಾಟವಾದಾಗ ಕಲಾವಿದರಿಗೆ ಅದರಲ್ಲಿ ಪಾಲಿನ ಹಕ್ಕಿದೆ; ಆ ಪಾಲು ಶೇಕಡಾ 10ನ್ನು ಮೀರುವಂತಿಲ್ಲ. ಮರುಮಾರಾಟದಲ್ಲಿ ಚಿತ್ರದ ಸ್ಥಿತಿಯಷ್ಟೇ ಅದರ ಕಾಗದಪತ್ರಗಳನ್ನೂ ನೋಡುತ್ತಾರೆ. ಪ್ರಮಾಣಪತ್ರವನ್ನು ಫ್ರೇಮಿನ ಬೆನ್ನಿಗೆ ಅಂಟಿಸಿದರೆ ಚಿತ್ರಕ್ಕೆ ಬೂಷ್ಟು ಬಂದ ದಿನ ಪತ್ರಕ್ಕೂ ಬರುತ್ತದೆ. ಅದನ್ನೂ ರಸೀದಿಯನ್ನೂ ಮನೆಯ ಆಸ್ತಿಪತ್ರಗಳ ಜೊತೆಯಲ್ಲಿ ಬೇರೆಯಾಗಿಯೇ ಇಡಬೇಕು, ಮತ್ತು ಫ್ರೇಮ್ ಹಾಕಿಸುವ ಮೊದಲು ಸಹಿ, ಸಂಖ್ಯೆ, ಕಾಗದದ ಹಿಂಬದಿ ಮೂರರ ಫೋಟೊವನ್ನೂ ತೆಗೆದಿಟ್ಟುಕೊಳ್ಳಬೇಕು.